ಚಿತ್ರ ಪಕ್ಕದಲ್ಲೇ ಇದೆ, ವಿಳಾಸ ಮಾತ್ರ ಬೇರೆಯವರದು

ನಿಮ್ಮ ವೆಬ್‌ಸೈಟಿನಲ್ಲಿ, ನಿಮ್ಮದೇ ಪುಟದೊಳಗೆ, ನಿಮ್ಮದೇ ಚಿತ್ರ ತೋರಿಸುವುದಕ್ಕೆ ಎಚ್‌ಟಿಟಿಪಿಎಸ್‌ನಿಂದ ಶುರುವಾಗುವ ಮಾರುದ್ದದ ವಿಳಾಸ ಬರೆಯುವ ಅಗತ್ಯವಿಲ್ಲ. ಪುಟ ಇರುವ ಜಾಗದಿಂದ ಚಿತ್ರ ಎಲ್ಲಿದೆ ಎಂದಷ್ಟೇ ಹೇಳಿದರೆ ಸಾಕು. ಇದಕ್ಕೆ ರಿಲೇಟಿವ್ ಲಿಂಕ್ ಎನ್ನುತ್ತಾರೆ. ವೆಬ್ ಕಲಿಸುವ ಪಾಠಗಳಲ್ಲಿ ಇದಕ್ಕೆ ಅರ್ಧ ಪುಟಕ್ಕಿಂತ ಹೆಚ್ಚು ಜಾಗ ಸಿಗುವುದು ಅಪರೂಪ. ಆದರೆ ಒಂದು ಸೈಟು ಊರು ಬದಲಾಯಿಸಿದಾಗ ಚಿತ್ರಗಳ ಸಮೇತ ಬರುತ್ತದೋ, ಬರಿಗೈಯಲ್ಲಿ ಬರುತ್ತದೋ ಎನ್ನುವುದು ಈ ಅರ್ಧ ಪುಟದ ಮೇಲೇ ನಿಂತಿದೆ.

ನಾನು ಕಂಪ್ಯೂಟರ್ ಓದಿದವನಲ್ಲ. ಮಂಡ್ಯದಲ್ಲಿ ಪತ್ರ ಬರಹಗಾರ. ಹಗಲೆಲ್ಲ ಕ್ರಯಪತ್ರ, ವಿಭಾಗಪತ್ರ, ದಾನಪತ್ರಗಳನ್ನು ಟೈಪ್ ಮಾಡುವುದು, ಪಹಣಿ ನೋಡುವುದು, ಆಧಾರ್‌ನಲ್ಲಿರುವ ಹೆಸರಿಗೂ ಪಹಣಿಯಲ್ಲಿರುವ ಹೆಸರಿಗೂ ಒಂದಕ್ಷರ ವ್ಯತ್ಯಾಸವಿದ್ದರೆ ಕಕ್ಷಿದಾರರನ್ನು ಕೂರಿಸಿಕೊಂಡು ವಿಚಾರಿಸುವುದು. ಸಂಜೆ ಶಟರ್ ಎಳೆದ ಮೇಲೆ ದೊಡ್ಡಪ್ಪನ ವೆಬ್‌ಸೈಟಿನ ಕೆಲಸ. ಒಂದಕ್ಷರ ಹೆಚ್ಚುಕಡಿಮೆಯಾದರೆ ಎಲ್ಲವೂ ಕೆಡುತ್ತದೆ ಎನ್ನುವ ವಿಷಯದಲ್ಲಿ ಎರಡೂ ಕಸುಬು ಒಂದೇ ಆದ್ದರಿಂದ ಇದು ನನಗೆ ಬೇಗ ಒಗ್ಗಿತು.

ದೊಡ್ಡಪ್ಪ ನಾಗಮಂಗಲದ ಕಡೆ ಚಿತ್ರಕಲಾ ಮೇಷ್ಟರಾಗಿದ್ದವರು. ರಜೆ ಬಂದರೆ ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ಜಿಲ್ಲೆಯ ಗುಡಿಗಳನ್ನು ಸುತ್ತುವುದು ಅವರ ಚಾಳಿ. ಕಂಬದಹಳ್ಳಿಯ ಬಸದಿ ಮತ್ತು ಆ ಊರಿಗೆ ಹೆಸರು ಕೊಟ್ಟ ಬ್ರಹ್ಮದೇವರ ಕಂಬ, ನಾಗಮಂಗಲದ ಸೌಮ್ಯಕೇಶವ, ಹೊಸಹೊಳಲಿನ ಲಕ್ಷ್ಮೀನಾರಾಯಣ ಗುಡಿಯ ಜಗತಿಯ ಮೇಲಿನ ಆನೆ ಕುದುರೆಗಳ ಸಾಲು, ಗೋವಿಂದನಹಳ್ಳಿಯ ಪಂಚಲಿಂಗೇಶ್ವರ, 1234ರಲ್ಲಿ ಕಟ್ಟಿದ ಬಸರಾಳಿನ ಮಲ್ಲಿಕಾರ್ಜುನ. ಒಂದೊಂದು ಗುಡಿಗೂ ಒಂದು ಪುಟ, ಪುಟದ ತುಂಬ ಚಿತ್ರ, ಚಿತ್ರದ ಕೆಳಗೆ ಅವರ ಮಾತು. ಅವರ ಹಳೆಯ ವಿದ್ಯಾರ್ಥಿಯೊಬ್ಬ, ಸೈಟು ಕಟ್ಟಲು ಬಳಸುವ ಸಿದ್ಧ ತಂತ್ರಾಂಶವಾದ ವರ್ಡ್‌ಪ್ರೆಸ್‌ನಲ್ಲಿ ಸೈಟು ಕಟ್ಟಿಕೊಟ್ಟಿದ್ದ. ಸೈಟಿನ ವಿಳಾಸವಾದ ಡೊಮೇನ್ ಹೆಸರನ್ನೂ ಅವನೇ, ತನ್ನ ಇಮೇಲ್ ಕೊಟ್ಟು, ಕೊಂಡಿದ್ದ. ಮುಂದೆ ಅವನು ಕೆಲಸಕ್ಕೆಂದು ಹೊರದೇಶಕ್ಕೆ ಹೋದ, ಆ ಇಮೇಲ್ ನೋಡುವವರು ಇಲ್ಲವಾದರು, ನವೀಕರಣದ ನೆನಪೋಲೆಗಳು ಅಲ್ಲಿಗೇ ಹೋಗಿ ಬಿದ್ದವು. ಡಾಟ್ ಕಾಂ ಹೆಸರಿನ ಅವಧಿ ಮುಗಿದು, ನೋಂದಣಿ ಸಂಸ್ಥೆ ಅದನ್ನು ಕೈಬಿಟ್ಟ ಮೇಲೂ ಹೆಚ್ಚುವರಿ ಹಣ ಕಟ್ಟಿ ಬಿಡಿಸಿಕೊಳ್ಳಲು 30 ದಿನ ಇರುತ್ತದೆ. ಅದೂ ಕಳೆದರೆ ಇನ್ನು 5 ದಿನಕ್ಕೆ ಹೆಸರು ಬೀದಿಗೆ ಬೀಳುತ್ತದೆ, ಯಾರು ಬೇಕಾದರೂ ಕೊಳ್ಳಬಹುದು. ಯಾರೋ ಕೊಂಡರು. ಅಲ್ಲೀಗ ಜಾಹೀರಾತು ಬಿಟ್ಟು ಬೇರೇನೂ ಇಲ್ಲ.

ಅದೃಷ್ಟವೆಂದರೆ, ಹೋದದ್ದು ಹೆಸರು ಮಾತ್ರ. ಸರ್ವರ್‌ನ ಬಾಡಿಗೆ ದೊಡ್ಡಪ್ಪನೇ ಕಟ್ಟುತ್ತಿದ್ದರು. ಬರಹ, ಚಿತ್ರ ಎಲ್ಲ ಅಲ್ಲಿ ಭದ್ರವಾಗಿತ್ತು. ಹೊಸ ಹೆಸರು ಕೊಂಡು ಅದೇ ಸರ್ವರ್‌ಗೆ ಜೋಡಿಸಿದೆವು. ಮಾರನೆಯ ಬೆಳಿಗ್ಗೆ ದೊಡ್ಡಪ್ಪನ ಫೋನ್ ಬಂತು.

"ಬರಹ ಎಲ್ಲ ಬಂದಿದೆ, ಪಟ ಒಂದೂ ಇಲ್ಲ. ಪಟ ಇಲ್ಲದ ಮೇಲೆ ನನ್ನ ಬರಹ ಯಾರಿಗೆ ಬೇಕಯ್ಯಾ?"

"ಪಟಗಳು ಎಲ್ಲಿಗೂ ಹೋಗಿಲ್ಲ ದೊಡ್ಡಪ್ಪ. ಸರ್ವರ್‌ನಲ್ಲೇ ಇವೆ. ನಿಮ್ಮ ಪುಟಗಳು ಅವನ್ನು ಹಳೆಯ ಹೆಸರಿನಲ್ಲಿ ಕೇಳುತ್ತಿವೆ."

"ಪಕ್ಕದಲ್ಲೇ ಇರುವುದನ್ನು ಊರಾಚೆ ಹೋಗಿ ಕೇಳುವುದು ಯಾವ ಬುದ್ಧಿ?"

ಮೇಷ್ಟರ ಪ್ರಶ್ನೆ ನ್ಯಾಯವಾಗಿಯೇ ಇತ್ತು. ವರ್ಡ್‌ಪ್ರೆಸ್‌ನಲ್ಲಿ ಬರಹದ ನಡುವೆ ಚಿತ್ರ ಸೇರಿಸಿದರೆ, ಅದು ಡೊಮೇನ್ ಹೆಸರಿನಿಂದ ಹಿಡಿದು ವರ್ಷ, ತಿಂಗಳ ಫೋಲ್ಡರಿನವರೆಗೆ ಪೂರ್ತಿ ವಿಳಾಸವನ್ನೇ ಬರಹದೊಳಗೆ ಬರೆದಿಡುತ್ತದೆ. ಹಾಗಾಗಿ ಅವರ ಒಂದೊಂದು ಚಿತ್ರದ ಮೇಲೂ ಈಗ ಬೇರೆಯವರ ಪಾಲಾದ ಹೆಸರು ಅಚ್ಚಾಗಿ ಕುಳಿತಿತ್ತು.

ನಮ್ಮ ಕಸುಬಿನಲ್ಲಿ ಚಕ್ಕುಬಂದಿ ಎನ್ನುವುದೊಂದಿದೆ. ಜಮೀನಿನ ಪತ್ರ ನೋಡಿದವರಿಗೆ ಗೊತ್ತು. ಷೆಡ್ಯೂಲಿನಲ್ಲಿ ಮೊದಲು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರು, ವಿಸ್ತೀರ್ಣ. ಅದರ ಕೆಳಗೆ ಚಕ್ಕುಬಂದಿ: ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ವಿ.ಸಿ. ನಾಲೆಯ ಸೀಳುಗಾಲುವೆ, ಉತ್ತರಕ್ಕೆ ಓಣಿ, ದಕ್ಷಿಣಕ್ಕೆ ಇದೇ ಸರ್ವೆ ನಂಬರಿನ ಉಳಿಕೆ ಜಮೀನು. ಸರ್ವೆ ನಂಬರು ಪೂರ್ಣ ವಿಳಾಸ. ಚಕ್ಕುಬಂದಿ ರಿಲೇಟಿವ್ ವಿಳಾಸ, ಅಕ್ಕಪಕ್ಕವನ್ನು ಹಿಡಿದು ಹೇಳುವುದು. ಪೋಡಿಯಾಗಿ, ಅಂದರೆ ಜಮೀನು ಅಳತೆಯಾಗಿ ಭಾಗವಾಗಿ, ಸರ್ವೆ ನಂಬರು ಬದಲಾದರೂ ಪಶ್ಚಿಮದ ಕಾಲುವೆ ಪಶ್ಚಿಮದಲ್ಲೇ ಇರುತ್ತದೆ. ವಿಸ್ತೀರ್ಣಕ್ಕೂ ಚಕ್ಕುಬಂದಿಗೂ ತಾಳೆಯಾಗದೆ ವ್ಯಾಜ್ಯಕ್ಕೆ ಬಂದರೆ ಸಾಮಾನ್ಯವಾಗಿ ಚಕ್ಕುಬಂದಿಯ ಮಾತೇ ನಡೆಯುತ್ತದೆ. ದೊಡ್ಡಪ್ಪನಿಗೆ ನಾನು ಹೇಳಿದ್ದು ಇಷ್ಟೇ: ನಿಮ್ಮ ಪಟಗಳಿಗೆ ಸರ್ವೆ ನಂಬರು ಬರೆದಿದ್ದಾರೆ, ಚಕ್ಕುಬಂದಿ ಬರೆಯಬೇಕಿತ್ತು.

ಇನ್ನು ಬ್ರೌಸರ್ ಲೆಕ್ಕ ಹಾಕುವ ರೀತಿ. ಓದುವುದಕ್ಕೆ ಸಲೀಸಾಗಲೆಂದು ಇಲ್ಲಿ ಕಡತದ ಹೆಸರು, ವಿಳಾಸಗಳನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ನೀವು ಹಾಗೆ ಮಾಡಬೇಡಿ; ಕಾರಣ ಮುಂದೆ ಬರುತ್ತದೆ. ಪುಟದ ವಿಳಾಸ ಹೀಗಿದೆ ಎನ್ನಿ:

ಉದಾಹರಣೆ.ಕಾಂ/ನಾಗಮಂಗಲ/ಕಂಬದಹಳ್ಳಿ.ಎಚ್‌ಟಿಎಂಎಲ್

ಆ ಪುಟದೊಳಗೆ ಚಿತ್ರಕ್ಕೆ ಬರೆದದ್ದು ಹೀಗೆ:

ಪಟ/ಕಂಬ.ಜೆಪಿಜಿ

ಬ್ರೌಸರ್ ಪುಟದ ವಿಳಾಸದಲ್ಲಿ ಕೊನೆಯ ಸ್ಲ್ಯಾಷ್ ಎಲ್ಲಿದೆ ಎಂದು ಹುಡುಕುತ್ತದೆ. ಅದರ ಮುಂದಿನದನ್ನೆಲ್ಲ ಕತ್ತರಿಸಿ ಎಸೆಯುತ್ತದೆ. ಉಳಿದದ್ದಕ್ಕೆ ನೀವು ಬರೆದದ್ದನ್ನು ಅಂಟಿಸುತ್ತದೆ. ಸಿಗುವುದು ಉದಾಹರಣೆ.ಕಾಂ/ನಾಗಮಂಗಲ/ಪಟ/ಕಂಬ.ಜೆಪಿಜಿ. ಡೊಮೇನ್ ಬದಲಾಗಲಿ, ನಾಗಮಂಗಲ ಎನ್ನುವ ಫೋಲ್ಡರನ್ನೇ ಇನ್ನೊಂದರ ಒಳಕ್ಕೆ ತಳ್ಳಿ, ಲೆಕ್ಕ ತಪ್ಪುವುದಿಲ್ಲ. ಒಂದು ಹಂತ ಮೇಲಕ್ಕೆ ಹೋಗಬೇಕಾದರೆ ಎರಡು ಚುಕ್ಕೆ, ಒಂದು ಸ್ಲ್ಯಾಷ್. ../ಸಾಮಾನ್ಯ/ನಕ್ಷೆ.ಪಿಎನ್‌ಜಿ ಎಂದು ಬರೆದರೆ ನಾಗಮಂಗಲದಿಂದ ಹೊರಗೆ ಬಂದು ಸಾಮಾನ್ಯ ಎನ್ನುವ ಫೋಲ್ಡರಿಗೆ ಹೋಗುತ್ತದೆ. ಲೆಕ್ಕಕ್ಕಿಂತ ಹೆಚ್ಚು ಚುಕ್ಕೆ ಹಾಕಿದರೆ? ಏನೂ ಆಗುವುದಿಲ್ಲ. ತುತ್ತತುದಿ ಮುಟ್ಟಿದ ಮೇಲೆ ಮಿಕ್ಕ ಚುಕ್ಕೆಗಳನ್ನು ಬ್ರೌಸರ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಇದು ಯಾರೋ ಅಂದಾಜಿಗೆ ಮಾಡಿಕೊಂಡ ರೂಢಿಯಲ್ಲ. ರಿಲೇಟಿವ್ ವಿಳಾಸದ ನಿಯಮಗಳನ್ನು 1995ರಲ್ಲಿ ರಾಯ್ ಫೀಲ್ಡಿಂಗ್ ಬರೆದಿಟ್ಟರು. ಅವರು, ವೆಬ್ ಹುಟ್ಟುಹಾಕಿದ ಟಿಮ್ ಬರ್ನರ್ಸ್-ಲೀ, ಲ್ಯಾರಿ ಮಸಿಂಟರ್ ಸೇರಿ 2005ರ ಜನವರಿಯಲ್ಲಿ ಪರಿಷ್ಕರಿಸಿದ, ಅಂತರ್ಜಾಲದ ನಿಯಮಗಳ ದಸ್ತಾವೇಜು ಆರ್‌ಎಫ್‌ಸಿ 3986 ಇಂದಿಗೂ ಇದಕ್ಕೆ ಆಧಾರ. ಅದರಲ್ಲಿ ಹೆಚ್ಚುವರಿ ಚುಕ್ಕೆಗಳ ಪ್ರಸಂಗಕ್ಕೂ ಉದಾಹರಣೆ ಕೊಟ್ಟಿದ್ದಾರೆ. ಪತ್ರ ಬರೆಯುವವನಿಗೆ ಅಂಥ ದಸ್ತಾವೇಜು ಓದುವುದೇ ಒಂದು ಸುಖ.

ತಮಾಷೆಯೆಂದರೆ, ಪುಟದೊಳಗೆ ಚಿತ್ರ ತೋರಿಸಲು ಒಂದು ಟ್ಯಾಗ್ (ಬ್ರೌಸರಿಗೆ ಬರೆದಿಡುವ ಸೂಚನೆ) ಬೇಕು ಎಂದು 1993ರ ಫೆಬ್ರವರಿಯಲ್ಲಿ ಮೊಸಾಯಿಕ್ ಬ್ರೌಸರ್ ಕಟ್ಟಿದವರಲ್ಲೊಬ್ಬರಾದ ಮಾರ್ಕ್ ಆಂಡ್ರೀಸನ್ ಪ್ರಸ್ತಾಪ ಇಟ್ಟಾಗ, ಅದರ ಜೊತೆ ಕೊಟ್ಟ ಮಾದರಿಯಲ್ಲಿದ್ದದ್ದು ಪೂರ್ಣ ವಿಳಾಸವೇ. ಚಾಳಿ ಅಷ್ಟು ಹಳೆಯದು.

ಈಗ ಆ ಕೊನೆಯ ಸ್ಲ್ಯಾಷ್ ವಿಷಯಕ್ಕೆ ಬರುತ್ತೇನೆ, ಏಕೆಂದರೆ ರಿಲೇಟಿವ್ ಲಿಂಕ್ ಮಾಡಿ ಕೈಸುಟ್ಟುಕೊಂಡೆವು ಎನ್ನುವವರಲ್ಲಿ ಹೆಚ್ಚಿನವರು ಇಲ್ಲೇ ಸುಟ್ಟುಕೊಂಡಿರುತ್ತಾರೆ. ಈಗಿನ ಸೈಟುಗಳಲ್ಲಿ ವಿಳಾಸದ ತುದಿಯಲ್ಲಿ ಎಚ್‌ಟಿಎಂಎಲ್ ಎಂದು ಬರೆಯುವುದು ಕಡಿಮೆ. ಉದಾಹರಣೆ.ಕಾಂ/ನಾಗಮಂಗಲ/ಕಂಬದಹಳ್ಳಿ ಎಂದಿರುತ್ತದೆ. ಅದೇ ಪುಟ ಕೊನೆಗೊಂದು ಸ್ಲ್ಯಾಷ್ ಸೇರಿಸಿದರೂ ತೆರೆಯುತ್ತದೆ. ಕಣ್ಣಿಗೆ ಎರಡೂ ಒಂದೇ. ಬ್ರೌಸರ್ ಲೆಕ್ಕದಲ್ಲಿ ಬೇರೆ ಬೇರೆ. ಸ್ಲ್ಯಾಷ್ ಇಲ್ಲದಿದ್ದರೆ ಕಂಬದಹಳ್ಳಿ ಎನ್ನುವುದು ಕಡತದ ಹೆಸರು ಎಂದು ಭಾವಿಸಿ ಅದನ್ನು ಕತ್ತರಿಸುತ್ತದೆ. ಚಿತ್ರವನ್ನು ನಾಗಮಂಗಲ/ಪಟ/ ಎಂಬಲ್ಲಿ ಹುಡುಕುತ್ತದೆ. ಸ್ಲ್ಯಾಷ್ ಇದ್ದರೆ ಕಂಬದಹಳ್ಳಿಯೂ ಫೋಲ್ಡರೇ ಎಂದುಕೊಂಡು ನಾಗಮಂಗಲ/ಕಂಬದಹಳ್ಳಿ/ಪಟ/ ಎಂಬಲ್ಲಿ ಹುಡುಕುತ್ತದೆ. ಎರಡರಲ್ಲಿ ಒಂದು ಕಡೆ ಮಾತ್ರ ಚಿತ್ರ ಇರುತ್ತದೆ. ಅಂದರೆ ಒಬ್ಬರು ಹಂಚಿಕೊಂಡ ಲಿಂಕಿನಲ್ಲಿ ಚಿತ್ರ ಬರುತ್ತದೆ, ಇನ್ನೊಬ್ಬರು ಕೈಯಾರೆ ಟೈಪ್ ಮಾಡಿದ ಲಿಂಕಿನಲ್ಲಿ ಬರುವುದಿಲ್ಲ. "ನನಗೆ ಕಾಣುತ್ತಿದೆಯಲ್ಲ" ಎನ್ನುವ ಜಗಳ ಶುರು. ಸರ್ವರ್‌ನಲ್ಲಿ ಅದು ನಿಜವಾದ ಫೋಲ್ಡರೇ ಆಗಿದ್ದರೆ ಹೆಚ್ಚಿನ ಸರ್ವರ್‌ಗಳು ತಾವಾಗಿಯೇ ಸ್ಲ್ಯಾಷ್ ಇರುವ ವಿಳಾಸಕ್ಕೆ ಕಳಿಸುತ್ತವೆ. ಹಾಗಿಲ್ಲದಿದ್ದರೆ ಎರಡರಲ್ಲಿ ಯಾವುದೋ ಒಂದನ್ನು ಗೊತ್ತುಮಾಡಿಕೊಂಡು, ಇನ್ನೊಂದರಿಂದ ಬಂದವರನ್ನು ಅಲ್ಲಿಗೇ ತಿರುಗಿಸಬೇಕು.

ಪೂರ್ಣ ವಿಳಾಸ, ಪುಟದಿಂದ ಲೆಕ್ಕ ಹಾಕುವ ವಿಳಾಸ ಎರಡನ್ನೂ ಬಿಟ್ಟು ಮೂರನೆಯ ಒಂದು ದಾರಿಯೂ ಇದೆ. ಸ್ಲ್ಯಾಷ್‌ನಿಂದಲೇ ಶುರು ಮಾಡಿ /ನಾಗಮಂಗಲ/ಪಟ/ಕಂಬ.ಜೆಪಿಜಿ ಎಂದು ಬರೆಯುವುದು. ಇದರಲ್ಲಿ ಡೊಮೇನ್ ಹೆಸರು ಇರುವುದಿಲ್ಲ, ಆದರೆ ಸೈಟಿನ ಬುಡದಿಂದ ಲೆಕ್ಕ ಶುರುವಾಗುತ್ತದೆ. ಪುಟ ಎಷ್ಟೇ ಆಳದಲ್ಲಿರಲಿ, ಕೊನೆಯಲ್ಲಿ ಸ್ಲ್ಯಾಷ್ ಇರಲಿ ಬಿಡಲಿ, ಉತ್ತರ ಒಂದೇ. ಬ್ಲಾಗ್ ಬರೆಯುವವರಿಗೆ ನಾನು ಇದನ್ನೇ ಹೇಳುತ್ತೇನೆ. ಕಾರಣವಿದೆ. ಬ್ಲಾಗಿನಲ್ಲಿ ಒಂದೇ ಬರಹ ಹಲವು ವಿಳಾಸಗಳಲ್ಲಿ ಕಾಣಿಸಿಕೊಳ್ಳುತ್ತದೆ: ತನ್ನ ಸ್ವಂತ ಪುಟದಲ್ಲಿ, ಮುಖಪುಟದಲ್ಲಿ, ಆ ತಿಂಗಳ ಪಟ್ಟಿಯಲ್ಲಿ, ವಿಷಯವಾರು ಪಟ್ಟಿಯಲ್ಲಿ. ಪಟ/ಕಂಬ.ಜೆಪಿಜಿ ಎಂದು ಬರೆದಿದ್ದರೆ ಸ್ವಂತ ಪುಟದಲ್ಲಿ ಚಿತ್ರ ಸರಿಯಾಗಿ ಬಂದು, ಮುಖಪುಟದಲ್ಲಿ ಖಾಲಿ ಚೌಕ ಕಾಣುತ್ತದೆ. ಬ್ರೌಸರ್ ಲೆಕ್ಕ ಹಾಕುವುದು ಆ ಕ್ಷಣಕ್ಕೆ ತೆರೆದಿರುವ ಪುಟದ ವಿಳಾಸದಿಂದ. ಬರಹ ಮೂಲದಲ್ಲಿ ಯಾವ ಪುಟದ್ದು ಎನ್ನುವುದು ಅದಕ್ಕೆ ಬೇಕಿಲ್ಲ.

ಬುಡದ ಸ್ಲ್ಯಾಷ್‌ಗೂ ಎರಡು ಕೊರತೆಗಳಿವೆ. ಒಂದು, ಸೈಟು ಡೊಮೇನ್‌ನ ಬುಡದಲ್ಲಿ ಇಲ್ಲದೆ ಒಳಗಿನ ಫೋಲ್ಡರಿನಲ್ಲಿದ್ದರೆ ಅದು ಕೈಕೊಡುತ್ತದೆ. ಸೈಟು ಇಡಲು ಜಾಗ ಕೊಡುವ ಗಿಟ್‌ಹಬ್ ಪೇಜಸ್‌ನಲ್ಲಿ ಒಂದು ಪ್ರಾಜೆಕ್ಟಿನ ಸೈಟು ಇಟ್ಟವರಿಗೆ ಇದು ಗೊತ್ತು. ಅಲ್ಲಿ ವಿಳಾಸದಲ್ಲಿ ಬಳಕೆದಾರರ ಹೆಸರಾದ ಮೇಲೆ ಪ್ರಾಜೆಕ್ಟಿನ ಹೆಸರು ಒಂದು ಫೋಲ್ಡರಿನಂತೆ ಬರುತ್ತದೆ, ಸ್ಲ್ಯಾಷ್‌ನಿಂದ ಶುರುವಾದ ಲಿಂಕು ಅದನ್ನು ದಾಟಿ ಮೇಲಕ್ಕೆ ಹೋಗಿಬಿಡುತ್ತದೆ. ಎರಡು, ಪೆನ್ ಡ್ರೈವ್. ಸೈಟಿನ ಫೋಲ್ಡರನ್ನು ಪೆನ್ ಡ್ರೈವ್‌ಗೆ ಹಾಕಿ ನೇರವಾಗಿ ಡಬಲ್ ಕ್ಲಿಕ್ ಮಾಡಿ ತೆರೆದರೆ ಬುಡ ಎನ್ನುವುದು ಆ ಡಿಸ್ಕಿನ ಬುಡವೇ ಆಗುತ್ತದೆ, ಚಿತ್ರ ಅಲ್ಲಿರುವುದಿಲ್ಲ. ದೊಡ್ಡಪ್ಪನಿಗೆ ಪೆನ್ ಡ್ರೈವ್ ಮುಖ್ಯ. ನೆಟ್ ಸರಿಯಾಗಿ ಸಿಗದ ಹಳ್ಳಿ ಶಾಲೆಗಳಿಗೆ ಹೋಗಿ ಮಕ್ಕಳಿಗೆ ಗುಡಿಗಳನ್ನು ತೋರಿಸುವ ಹುರುಪು ನಿವೃತ್ತಿಯ ನಂತರವೂ ಹೋಗಿಲ್ಲ. ಹೀಗಾಗಿ ಅವರ ಸೈಟಿಗೆ ನಾನು ಆರಿಸಿಕೊಂಡದ್ದು ಪುಟದಿಂದಲೇ ಲೆಕ್ಕ ಹಾಕುವ ದಾರಿ: ಗುಡಿಗೊಂದು ಫೋಲ್ಡರು, ಅದರೊಳಗೇ ಪುಟ, ಪುಟದ ಪಕ್ಕದಲ್ಲೇ ಅದರ ಚಿತ್ರಗಳು. ಸಾದಾ ಪುಟಗಳ ಸೈಟು ತಯಾರಿಸುವ ಹ್ಯೂಗೋ ಎನ್ನುವ ಸಾಧನ ಬಳಸುವವರು ಇದನ್ನೇ ಪೇಜ್ ಬಂಡಲ್ ಎನ್ನುತ್ತಾರೆ. ನಾವು ಕೈಯಲ್ಲೇ ಬರೆದ ಎಚ್‌ಟಿಎಂಎಲ್‌ಗೂ ಅದೇ ಪದ್ಧತಿ ಒಪ್ಪುತ್ತದೆ.

ಎರಡು ಸ್ಲ್ಯಾಷ್‌ಗಳಿಂದ ಶುರು ಮಾಡುವ ಒಂದು ಹಳೆಯ ಉಪಾಯ ಇನ್ನೂ ಕೆಲವರ ಕೈಯಲ್ಲಿದೆ. ಎಚ್‌ಟಿಟಿಪಿಯೋ ಎಚ್‌ಟಿಟಿಪಿಎಸ್ಸೋ ಎಂದು ಹೇಳದೆ ಪುಟದ ರೀತಿಯನ್ನೇ ಚಿತ್ರಕ್ಕೂ ಅನ್ವಯಿಸಲಿ ಎನ್ನುವ ಲೆಕ್ಕ ಅದು. ಎಲ್ಲರೂ ಎಚ್‌ಟಿಟಿಪಿಎಸ್‌ಗೆ ಬಂದ ಮೇಲೆ ಅದರ ಉಪಯೋಗ ಮುಗಿಯಿತು, ಪೆನ್ ಡ್ರೈವ್‌ನಲ್ಲಂತೂ ಅದು ನಡೆಯುವುದೇ ಇಲ್ಲ. ವೆಬ್ ವಿಳಾಸಗಳಲ್ಲಿ ಆ ಜೋಡಿ ಸ್ಲ್ಯಾಷೇ ಬೇಕಿರಲಿಲ್ಲ ಎಂದು ಬರ್ನರ್ಸ್-ಲೀ ಅವರೇ 2009ರಲ್ಲಿ ಹೇಳಿದ್ದಾರೆ. ಬೇಸ್ ಎನ್ನುವ ಟ್ಯಾಗ್ ಒಂದಿದೆ, ಪುಟದ ತಲೆಯಲ್ಲಿ ಒಮ್ಮೆ ಹಾಕಿದರೆ ಎಲ್ಲ ಲಿಂಕುಗಳ ಲೆಕ್ಕವೂ ಅಲ್ಲಿಂದಲೇ ಶುರು. ನನಗೆ ಅದು ಸೇರುವುದಿಲ್ಲ. ಪುಟದೊಳಗೇ ಕೆಳಗೆ ಜಿಗಿಯಲು ಹಾಕಿದ ಲಿಂಕುಗಳನ್ನೂ ಅದು ತನ್ನ ಕಡೆ ಎಳೆದುಕೊಳ್ಳುತ್ತದೆ. ಪುಟದ ಅಂದಚೆಂದ ಹೇಳುವ ಸಿಎಸ್‌ಎಸ್ ಕಡತದಲ್ಲಿ ಬರೆದ ಹಿನ್ನೆಲೆ ಚಿತ್ರದ ಲೆಕ್ಕ ಶುರುವಾಗುವುದು ಆ ಸಿಎಸ್‌ಎಸ್ ಕಡತ ಇರುವ ಜಾಗದಿಂದ, ಪುಟದಿಂದ ಅಲ್ಲ. ಇದಿಷ್ಟು ನೆನಪಿಟ್ಟರೆ ಸಾಕು.

ಕನ್ನಡದ ಹೆಸರುಗಳು ಬೇಡ ಎಂದೆನಲ್ಲ, ಅದರ ವಿಚಾರ. ಕಡತಕ್ಕೆ ಕನ್ನಡದಲ್ಲಿ ಹೆಸರಿಡುವುದು ತಪ್ಪಲ್ಲ, ಕೆಲಸವೂ ಮಾಡುತ್ತದೆ. ಆದರೆ ಜಾಲ ವಿಳಾಸದೊಳಗೆ ಕನ್ನಡ ಅಕ್ಷರ ಹಾಗೇ ಪ್ರಯಾಣ ಮಾಡುವುದಿಲ್ಲ. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ವಿಳಾಸದಲ್ಲಿ ಒಂದೊಂದು ಬೈಟಿಗೂ ಒಂದು % ಚಿಹ್ನೆ, ಎರಡು ಅಂಕಿ ಅಥವಾ ಅಕ್ಷರ. ಕಂಬದಹಳ್ಳಿ ಎನ್ನುವುದರಲ್ಲಿ ಸೊನ್ನೆ, ಒತ್ತು, ಗುಡಿಸು ಎಲ್ಲ ಸೇರಿ 9 ಸಂಕೇತ. ಅದು ವಿಳಾಸದಲ್ಲಿ 81 ಅಕ್ಷರಗಳ ಸರಮಾಲೆಯಾಗುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಇಂಥ ಲಿಂಕು ಕಳಿಸಿದರೆ ಎದುರಿನವರು ಏನೋ ವೈರಸ್ ಬಂತು ಎಂದೇ ತಿಳಿಯುತ್ತಾರೆ.

ಉದ್ದವನ್ನಾದರೂ ಸಹಿಸಬಹುದು. ಇನ್ನೊಂದು ತೊಡಕು ಕಣ್ಣಿಗೇ ಬೀಳುವುದಿಲ್ಲ. ಗೋವಿಂದನಹಳ್ಳಿಯ ಗೋ ಅಕ್ಷರವನ್ನೇ ನೋಡಿ. ಗಕಾರಕ್ಕೆ ಓತ್ವದ ಒಂದೇ ಸಂಕೇತ ಸೇರಿಸಿ ಬರೆಯಬಹುದು. ಅದೇ ಓತ್ವವನ್ನು ಎತ್ವ, ಕೊಂಬಿನ ಇಳಿ, ದೀರ್ಘ ಎಂದು ಮೂರು ಸಂಕೇತಗಳಾಗಿ ಬಿಡಿಸಿಯೂ ಬರೆಯಬಹುದು. ಯೂನಿಕೋಡ್ ಎರಡನ್ನೂ ಸಮಾನ ಎನ್ನುತ್ತದೆ. ಪರದೆಯ ಮೇಲೆ ಎರಡೂ ಗೋ. ಆದರೆ ಲಿನಕ್ಸ್ ಸರ್ವರ್ ಬೈಟುಗಳನ್ನು ಮಾತ್ರ ನೋಡುತ್ತದೆ, ಅದರ ಪಾಲಿಗೆ ಇವು ಎರಡು ಬೇರೆ ಕಡತ. ಮ್ಯಾಕ್‌ನ ಹಳೆಯ ಕಡತ ವ್ಯವಸ್ಥೆ ಹೆಸರುಗಳನ್ನು ಹೀಗೆ ಬಿಡಿಸಿಯೇ ಇಟ್ಟುಕೊಳ್ಳುತ್ತಿತ್ತು. ಅಲ್ಲಿಂದ ಬಂದ ಚಿತ್ರಕ್ಕೆ ವಿಂಡೋಸ್‌ನಲ್ಲಿ ಕುಳಿತು ಲಿಂಕು ಬರೆದರೆ, ಅಕ್ಷರ ಅಕ್ಷರ ತಾಳೆ ನೋಡಿದರೂ ತಪ್ಪು ಸಿಗದು, ಚಿತ್ರವೂ ಬಾರದು. ಕೆಆರ್‌ಎಸ್ ಎಂದು ಬರೆಯುವಾಗ ರ್ ಆದ ಮೇಲೆ ಅರ್ಧಾಕ್ಷರ ಬಿಡಿಯಾಗಿ ನಿಲ್ಲಲೆಂದು ನಾವು ಒತ್ತುವ ಕಾಣದ ಕೀಲಿಯೂ ಇಂಥದೇ. ಹೆಸರಿನಲ್ಲಿ ಅದಿದ್ದು ಲಿಂಕಿನಲ್ಲಿ ಇಲ್ಲದಿದ್ದರೆ ಮುಗಿಯಿತು. ಹೀಗಾಗಿ ದೊಡ್ಡಪ್ಪನ ಕಡತಗಳಿಗೆಲ್ಲ ಇಂಗ್ಲಿಷ್ ಸಣ್ಣಕ್ಷರದ ಹೆಸರು ಇಟ್ಟಿದ್ದೇನೆ, ಪದಗಳ ನಡುವೆ ಜಾಗ ಬಿಡದೆ ಅಡ್ಡಗೆರೆ ಹಾಕಿದ್ದೇನೆ. ಮೇಷ್ಟರಿಗೆ ಇದು ಅಷ್ಟಾಗಿ ಹಿಡಿಸಲಿಲ್ಲ. "ಪುಟದ ತಲೆಬರಹ, ಪಟದ ವಿವರಣೆ ಎಲ್ಲ ಕನ್ನಡದಲ್ಲೇ ಇರುತ್ತದೆ, ಒಳಗಿನ ಕಡತದ ಹೆಸರು ಓದುವವರಿಗೆ ಕಾಣುವುದಿಲ್ಲ" ಎಂದ ಮೇಲೆ ಸುಮ್ಮನಾದರು.

ಸಣ್ಣಕ್ಷರ ಎಂದು ಒತ್ತಿ ಹೇಳಿದ್ದಕ್ಕೂ ಕಾರಣವಿದೆ. ಅವರ ಕ್ಯಾಮೆರಾ ಕಡತದ ಹೆಸರಿನ ಬಾಲದಲ್ಲಿ ಜೆಪಿಜಿ ಎನ್ನುವುದನ್ನು ದೊಡ್ಡಕ್ಷರದಲ್ಲಿ ಬರೆಯುತ್ತದೆ. ವಿಂಡೋಸ್‌ಗೆ ದೊಡ್ಡಕ್ಷರವೂ ಒಂದೇ, ಸಣ್ಣಕ್ಷರವೂ ಒಂದೇ. ಲಿನಕ್ಸ್‌ಗೆ ಹಾಗಲ್ಲ. ಮನೆಯ ಕಂಪ್ಯೂಟರಿನಲ್ಲಿ ಎಲ್ಲ ಚಿತ್ರವೂ ಕಂಡು, ಸರ್ವರ್‌ಗೆ ಏರಿಸಿದ ಮೇಲೆ ಮಾಯವಾದರೆ ಮೊದಲು ನೋಡಬೇಕಾದದ್ದು ಇದನ್ನೇ.

ದುರಸ್ತಿಯ ಕಥೆಗೆ ಬರೋಣ. ಸೈಟಿನ ಬರಹಗಳೆಲ್ಲ ಇರುವ ಡೇಟಾಬೇಸನ್ನು ಒಂದು ಪಠ್ಯ ಕಡತವಾಗಿ ಇಳಿಸಿಕೊಂಡು, ಹಳೆಯ ಹೆಸರು ಇದ್ದಲ್ಲೆಲ್ಲ ಹೊಸದನ್ನು ಹಾಕಿ ಮತ್ತೆ ಏರಿಸಿದರೆ ಆಯಿತು ಎಂದು ಸಲಹೆ ಕೊಡುವವರು ಬೇಕಾದಷ್ಟು ಜನ. ವರ್ಡ್‌ಪ್ರೆಸ್‌ನಲ್ಲಿ ಇದು ಅಪಾಯ. ಅದರ ಎಷ್ಟೋ ಸೆಟ್ಟಿಂಗ್‌ಗಳು, ಇಂತಿಷ್ಟು ಉದ್ದದ ಪಠ್ಯ ಎಂದು ಉದ್ದವನ್ನು ಮೊದಲು ಬರೆದು, ಆಮೇಲೆ ಪಠ್ಯ ಬರೆಯುವ ರೀತಿಯಲ್ಲಿ ಸಂಗ್ರಹವಾಗಿರುತ್ತವೆ. ಹೊಸ ಹೆಸರು ಹಳೆಯದಕ್ಕಿಂತ ಒಂದೇ ಅಕ್ಷರ ಉದ್ದವಾದರೂ ಬರೆದ ಉದ್ದಕ್ಕೂ ಇರುವ ಉದ್ದಕ್ಕೂ ತಾಳೆಯಾಗದೆ ಆ ಸೆಟ್ಟಿಂಗ್ ಇಡಿಯಾಗಿ ಓದಲಾಗದಂತಾಗುತ್ತದೆ. ಡಬ್ಲ್ಯೂಪಿ-ಸಿಎಲ್‌ಐ ಎನ್ನುವ ಸಾಧನದಲ್ಲಿ ಇದಕ್ಕೆಂದೇ ಒಂದು ಆದೇಶವಿದೆ. ಅದು ಉದ್ದವನ್ನೂ ಸರಿಪಡಿಸಿಕೊಂಡು ಹೆಸರು ಬದಲಿಸುತ್ತದೆ, ಬದಲಿಸುವ ಮೊದಲು ಎಷ್ಟು ಕಡೆ ಬದಲಾಗುತ್ತದೆ ಎಂದು ತೋರಿಸುವಂತೆಯೂ ಕೇಳಬಹುದು. ಮೈಸೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿರುವ ನನ್ನ ಅಕ್ಕನ ಮಗ ಅದನ್ನು ನಡೆಸಿಕೊಟ್ಟ. ಚಿತ್ರಗಳೆಲ್ಲ ಬಂದವು.

ಆದರೆ ವರ್ಡ್‌ಪ್ರೆಸ್ ಹೊಸ ಚಿತ್ರಕ್ಕೂ ಮತ್ತೆ ಪೂರ್ಣ ವಿಳಾಸವನ್ನೇ ಬರೆಯುತ್ತದೆ. ಇನ್ನೊಮ್ಮೆ ಹೆಸರು ಕೈಬಿಟ್ಟರೆ ಮತ್ತದೇ ಗೋಳು. ಹೀಗಾಗಿ ಸೈಟನ್ನು ಇಡಿಯಾಗಿ ಸಾದಾ ಎಚ್‌ಟಿಎಂಎಲ್ ಪುಟಗಳಾಗಿ ಇಳಿಸಿಕೊಂಡೆವು, ಲಿಂಕುಗಳನ್ನು ರಿಲೇಟಿವ್ ಮಾಡಿದೆವು. ಇಲ್ಲೊಂದು ಕಿತಾಪತಿ ಇತ್ತು. ವರ್ಡ್‌ಪ್ರೆಸ್ 2015ರ ಕೊನೆಯಿಂದ ಒಂದೊಂದು ಚಿತ್ರಕ್ಕೂ ಚಿತ್ರದ ವಿಳಾಸ ಬರೆಯುವ ಎಸ್‌ಆರ್‌ಸಿ ಜೊತೆಗೆ ಎಸ್‌ಆರ್‌ಸಿಸೆಟ್ ಎನ್ನುವ ಪಟ್ಟಿಯನ್ನೂ ಸೇರಿಸುತ್ತದೆ. ಅದೇ ಚಿತ್ರದ ಬೇರೆ ಬೇರೆ ಅಳತೆಯ ಪ್ರತಿಗಳ ವಿಳಾಸಗಳು ಅದರಲ್ಲಿರುತ್ತವೆ; ಮೊಬೈಲಿಗೆ ಚಿಕ್ಕದು, ದೊಡ್ಡ ಪರದೆಗೆ ದೊಡ್ಡದು ಎಂದು ಬ್ರೌಸರ್ ಅದರಿಂದ ಆರಿಸಿಕೊಳ್ಳುತ್ತದೆ. ಎಸ್‌ಆರ್‌ಸಿ ಒಂದನ್ನೇ ಸರಿಪಡಿಸಿ ಪಟ್ಟಿಯನ್ನು ಹಾಗೇ ಬಿಟ್ಟರೆ ಬ್ರೌಸರ್ ಪಟ್ಟಿಯನ್ನೇ ನಂಬುತ್ತದೆ. ಹಾಗಾಗಿ ಎರಡನ್ನೂ ತಿದ್ದಬೇಕು.

ತಿದ್ದಿದ ಮೇಲೆ ಪರೀಕ್ಷೆ ಮಾಡುವುದರಲ್ಲೂ ಒಂದು ಮೋಸವಿದೆ. ಹಳೆಯ ವಿಳಾಸ ಇನ್ನೂ ಜೀವಂತವಾಗಿದ್ದರೆ, ತಿದ್ದದೆ ಬಿಟ್ಟುಹೋದ ಲಿಂಕುಗಳು ಚಿತ್ರವನ್ನು ಅಲ್ಲಿಂದಲೇ ತಂದು ತೋರಿಸುತ್ತವೆ. ಎಲ್ಲವೂ ಸರಿಯಾಗಿದೆ ಎಂದು ಕಾಣುತ್ತದೆ. ಹಳೆಯ ಸರ್ವರ್‌ನ ಬಾಡಿಗೆ ನಿಲ್ಲಿಸಿದ ದಿನ ಗೊತ್ತಾಗುತ್ತದೆ. ಆದ್ದರಿಂದ ಫೋಲ್ಡರನ್ನು ಪೆನ್ ಡ್ರೈವ್‌ಗೆ ಹಾಕಿ, ನೆಟ್ ಸಂಪರ್ಕ ತೆಗೆದು, ಆ ಸೈಟು ಎಂದೂ ನೋಡಿರದ ಕಂಪ್ಯೂಟರಿನಲ್ಲಿ ತೆರೆದು ನೋಡಬೇಕು. ಸರ್ವರ್‌ನಲ್ಲಿ ನೋಡುವಾಗ ಎಫ್12 ಒತ್ತಿ ನೆಟ್‌ವರ್ಕ್ ಪಟ್ಟಿ ತೆರೆದರೆ ಯಾವ ಚಿತ್ರವನ್ನು ಯಾವ ವಿಳಾಸದಿಂದ ಕೇಳುತ್ತಿದೆ, ಯಾವುದಕ್ಕೆ 404, ಅಂದರೆ ಸಿಗಲಿಲ್ಲ ಎನ್ನುವ ಉತ್ತರ ಬಂತು ಎನ್ನುವುದು ಸಾಲುಸಾಲಾಗಿ ಕಾಣುತ್ತದೆ.

ಪೂರ್ಣ ವಿಳಾಸ ಬೇಕೇ ಬೇಕಾದ ಕಡೆಗಳೂ ಇವೆ. ಬರಹ ನಿಮ್ಮ ಸೈಟನ್ನು ಬಿಟ್ಟು ಹೊರಗೆ ಹೋಗುವಲ್ಲೆಲ್ಲ ಬೇಕು. ಇಮೇಲ್‌ನಲ್ಲಿ ಕಳಿಸುವ ಪತ್ರಿಕೆಯಲ್ಲಿ ರಿಲೇಟಿವ್ ಲಿಂಕಿಗೆ ಅರ್ಥವೇ ಇಲ್ಲ, ಲೆಕ್ಕ ಶುರು ಮಾಡಲು ಅಲ್ಲಿ ಪುಟದ ವಿಳಾಸವೇ ಇರುವುದಿಲ್ಲ. ಹೊಸ ಬರಹಗಳನ್ನು ಓದುಗರಿಗೆ ತಲುಪಿಸುವ ಫೀಡ್‌ಗಳ ಕಥೆಯೂ ಹೆಚ್ಚುಕಡಿಮೆ ಅದೇ. ಆಟಮ್ ಫೀಡ್‌ನಲ್ಲಿ ಮೂಲ ವಿಳಾಸ ಹೇಳುವ ವ್ಯವಸ್ಥೆ ಇದೆ, ಆರ್‌ಎಸ್‌ಎಸ್‌ನಲ್ಲಿ ಅಂಥದ್ದಿಲ್ಲ. ಹೀಗಾಗಿ ಫೀಡ್ ತಯಾರಾಗುವಾಗ ಚಿತ್ರಗಳಿಗೆ ಪೂರ್ಣ ವಿಳಾಸ ಸೇರಿಸಿಬಿಡುವುದೇ ಕ್ಷೇಮ. ವಾಟ್ಸ್‌ಆ್ಯಪ್, ಫೇಸ್‌ಬುಕ್‌ಗಳಲ್ಲಿ ಲಿಂಕು ಹಂಚಿದಾಗ ಮೇಲೆ ಕಾಣುವ ಚಿತ್ರಕ್ಕಾಗಿ ಪುಟದ ತಲೆಯಲ್ಲಿ ಬರೆಯುವ ಓಜಿ ಇಮೇಜ್ ಕೂಡ ಪೂರ್ಣವಾಗಿಯೇ ಇರಬೇಕು. ನಮ್ಮಲ್ಲಿ ಡೊಮೇನ್ ಹೆಸರು ಒಂದೇ ಒಂದು ಸೆಟ್ಟಿಂಗ್ ಕಡತದಲ್ಲಿದೆ, ಇವೆಲ್ಲ ಅಲ್ಲಿಂದಲೇ ಎತ್ತಿಕೊಳ್ಳುತ್ತವೆ.

ಗೂಗಲ್‌ನ ಬ್ಲಾಗರ್‌ನಲ್ಲಿ ಬರೆಯುವವರಿಗೆ ಇದರಲ್ಲಿ ಹೆಚ್ಚಿನದು ಉಪಯೋಗಕ್ಕೆ ಬಾರದು. ಅಲ್ಲಿ ಚಿತ್ರಗಳು ಇರುವುದೇ ಬೇರೆ ಸರ್ವರ್‌ನಲ್ಲಿ, ಬೇರೆ ಹೆಸರಿನಡಿ. ಬ್ಲಾಗಿನ ಬ್ಯಾಕಪ್ ಇಳಿಸಿಕೊಂಡರೆ ಬಹುಕಾಲ ಸಿಗುತ್ತಿದ್ದ ಎಕ್ಸ್‌ಎಂಎಲ್ ಕಡತದಲ್ಲಿ ಬರಹ ಇರುತ್ತಿತ್ತು, ಚಿತ್ರ ಇರುತ್ತಿರಲಿಲ್ಲ. ಮೂಲ ಚಿತ್ರಗಳನ್ನು ನಿಮ್ಮ ಬಳಿಯೇ ಇಟ್ಟುಕೊಳ್ಳಿ. 2017ರಲ್ಲಿ ಫೋಟೋಬಕೆಟ್ ಕಂಪನಿ, ತನ್ನಲ್ಲಿಟ್ಟ ಚಿತ್ರಗಳನ್ನು ಬೇರೆ ಸೈಟುಗಳಲ್ಲಿ ತೋರಿಸಬೇಕಾದರೆ ವರ್ಷಕ್ಕೆ 399 ಡಾಲರ್ ಕೊಡಿ ಎಂದಾಗ, ಲೋಕದ ಎಷ್ಟೋ ಪುಟಗಳಲ್ಲಿ ಚಿತ್ರಗಳ ಜಾಗದಲ್ಲಿ ಆ ಕಂಪನಿಯ ಸೂಚನಾ ಫಲಕ ಬಂದು ಕುಳಿತಿತ್ತು.

ಈಗ ದೊಡ್ಡಪ್ಪನಿಗೂ ನನಗೂ ಬೇರೆಯದೇ ತಕರಾರು. ಅವರು ಬಸರಾಳಿನ ಗುಡಿಯನ್ನು ನಾಗಮಂಗಲದ ಫೋಲ್ಡರಿನಲ್ಲಿ ಇಟ್ಟಿದ್ದರು, ಏಕೆಂದರೆ ಅವರು ಅಲ್ಲಿಗೆ ಹೋಗುತ್ತಿದ್ದದ್ದು ಯಾವಾಗಲೂ ನಾಗಮಂಗಲದ ಕಡೆಯಿಂದ. ಬಸರಾಳು ಹೋಬಳಿ ಇರುವುದು ಮಂಡ್ಯ ತಾಲ್ಲೂಕಿನಲ್ಲಿ, ನಾನು ದಿನಾ ಆ ಹೋಬಳಿಯ ಪತ್ರಗಳನ್ನು ಬರೆಯುತ್ತೇನೆ. ಫೋಲ್ಡರನ್ನು ಎತ್ತಿ ಮಂಡ್ಯದೊಳಕ್ಕೆ ಇಟ್ಟೆ. ಪುಟ, ಚಿತ್ರ ಎಲ್ಲ ಒಟ್ಟಿಗೆ ಹೋದವು, ಒಳಗಿನ ಒಂದು ಲಿಂಕನ್ನೂ ಮುಟ್ಟಬೇಕಾಗಲಿಲ್ಲ; ತಾಲ್ಲೂಕುವಾರು ಪಟ್ಟಿಯಲ್ಲಿ ಒಂದು ಸಾಲು ಬದಲಿಸಿ, ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ತಿರುಗಿಸಿದೆ. ದೊಡ್ಡಪ್ಪ ನೋಡಿದರು.

"ಯಾರನ್ನು ಕೇಳಿ ಬದಲಾಯಿಸಿದೆ?"

"ಪಹಣಿಯಲ್ಲಿ ಮಂಡ್ಯ ತಾಲ್ಲೂಕು ಎಂದೇ ಇದೆ ದೊಡ್ಡಪ್ಪ."

"ಪಹಣಿ ನಿನ್ನ ಅಂಗಡಿಯಲ್ಲಿಟ್ಟುಕೋ. ನನ್ನ ಪಟ ನಾಗಮಂಗಲದಲ್ಲೇ ಇರಲಿ."

ವಾಪಸ್ ಇಟ್ಟಿದ್ದೇನೆ.